ವೈದ್ಯರ ಚೀಟಿಯ ಹಿಂದೆ ಏನಿದೆ? ರಕ್ತದೊತ್ತಡದ ಮಾತ್ರೆ ಮತ್ತು ಮಾರ್ಗಸೂಚಿ



ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಒಬ್ಬರಾದರೂ ಇರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ನೂರಕ್ಕೆ 21 ಮಂದಿಗೆ, ಪುರುಷರಲ್ಲಿ ನೂರಕ್ಕೆ 24 ಮಂದಿಗೆ ರಕ್ತದೊತ್ತಡ ಹೆಚ್ಚಾಗಿದೆ, ಇಲ್ಲವೇ ಅವರು ಅದಕ್ಕಾಗಿ ಔಷಧಿ ಸೇವಿಸುತ್ತಿದ್ದಾರೆ.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. 60 ವರ್ಷದ ಒಬ್ಬ ತಾತ, 45 ವರ್ಷದ ಒಬ್ಬ ಮಧುಮೇಹಿ, 28 ವರ್ಷದ ಒಬ್ಬ ಗರ್ಭಿಣಿ. ಮೂವರ ರಕ್ತದೊತ್ತಡವೂ 150/100. ಮೂವರೂ ಒಬ್ಬರೇ ವೈದ್ಯರ ಬಳಿಗೆ ಹೋಗುತ್ತಾರೆ. ಹೊರಗೆ ಬರುವಾಗ ಮೂವರ ಕೈಯಲ್ಲಿಯೂ ಬೇರೆ ಬೇರೆ ಮಾತ್ರೆಯ ಚೀಟಿ! ಇದು ಹೇಗೆ? ವೈದ್ಯರು ತಮ್ಮ ಇಷ್ಟದಂತೆ ಬರೆಯುತ್ತಾರೆಯೇ? ಅಥವಾ ಇದಕ್ಕೊಂದು ನಿಯಮವಿದೆಯೇ? ನಿಯಮವಿದ್ದರೆ ಮೂವರಿಗೂ ಒಂದೇ ಮಾತ್ರೆ ಏಕಿಲ್ಲ?

ಆರೋಗ್ಯ ಸಂವಾದ ಕಾರ್ಯಕ್ರಮಗಳಲ್ಲಿ ವೈದ್ಯರ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕಿರುತೆರೆಯ ಅರ್ಧ ಗಂಟೆಯಲ್ಲಿ ಪೂರ್ತಿ ಉತ್ತರ ಕೊಡುವುದು ಕಷ್ಟ. ಇಲ್ಲಿ ಸಾವಧಾನವಾಗಿ ನೋಡೋಣ, ಬನ್ನಿ.

ಎರಡು ಅಂಕಿಗಳ ಅರ್ಥ

ಹೃದಯ ಸಂಕುಚಿಸಿ ರಕ್ತವನ್ನು ಹೊರದೂಡುವಾಗ ಅಪಧಮನಿಯ ಗೋಡೆಯ ಮೇಲೆ ಬೀಳುವ ಒತ್ತಡವೇ ಮೇಲಿನ ಅಂಕಿ. ಇದು ಸಂಕೋಚನ ಒತ್ತಡ. ಹೃದಯ ಸಡಿಲಗೊಂಡು ಮತ್ತೆ ರಕ್ತ ತುಂಬಿಕೊಳ್ಳುವಾಗ ಉಳಿದಿರುವ ಒತ್ತಡ ಕೆಳಗಿನ ಅಂಕಿ. ಇದು ವ್ಯಾಕೋಚನ ಒತ್ತಡ. 150/100 ಎಂದರೆ ಈ ಒತ್ತಡಗಳು ಕ್ರಮವಾಗಿ 150 ಮತ್ತು 100 ಮಿಲಿಮೀಟರ್ ಎತ್ತರದ ಪಾದರಸದ ಕಂಬವನ್ನು ಎತ್ತಿ ನಿಲ್ಲಿಸಬಲ್ಲವು ಎಂದರ್ಥ.

1896ರಲ್ಲಿ ಇಟಲಿಯ ರಿವಾ-ರೋಚಿ ಎಂಬ ವೈದ್ಯ ತೋಳಿಗೆ ಗಾಳಿಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಪಾದರಸದ ಉಪಕರಣವನ್ನು ರೂಪಿಸಿದ. 1905ರಲ್ಲಿ ರಷ್ಯದ ಕೊರೊಟ್ಕಾಫ್ ಎಂಬ ಶಸ್ತ್ರವೈದ್ಯ, ಪಟ್ಟಿಯ ಗಾಳಿ ಬಿಡುವಾಗ ಮೊಣಕೈ ಒಳಬದಿಯಲ್ಲಿ ಸ್ಟೆತಾಸ್ಕೋಪ್ ಇಟ್ಟು ಆಲಿಸಿದರೆ ಎರಡೂ ಅಂಕಿಗಳು ಸಿಗುತ್ತವೆ ಎಂದು ತೋರಿಸಿದ. ಸದ್ದು ಶುರುವಾದಲ್ಲಿ ಮೇಲಿನ ಅಂಕಿ, ಸದ್ದು ಅಡಗಿದಲ್ಲಿ ಕೆಳಗಿನ ಅಂಕಿ. ಇಂದು ಪಾದರಸದ ಉಪಕರಣಗಳ ಜಾಗದಲ್ಲಿ ಡಿಜಿಟಲ್ ಉಪಕರಣಗಳು ಬರುತ್ತಿದ್ದರೂ ಅಳತೆಯ ಮಾನ ಅದೇ ಉಳಿದಿದೆ.

ಹೀಗೆ 20ನೆಯ ಶತಮಾನದ ಆರಂಭಕ್ಕೇ ಅಂಕಿ ಕೈಗೆ ಸಿಕ್ಕಿತು. ಆದರೆ ಹೆಚ್ಚಿನ ಅಂಕಿ ಕಂಡರೆ ಮಾಡಬೇಕಾದದ್ದೇನು? ಈ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಅರವತ್ತು ವರ್ಷ ಬೇಕಾಯಿತು.

ಅಧ್ಯಕ್ಷರಿಗೂ ದೊರೆಯದ ಮದ್ದು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. 1944ರ ಮಾರ್ಚಿಯಲ್ಲಿ ಹೃದ್ರೋಗ ತಜ್ಞ ಹೋವರ್ಡ್ ಬ್ರೂಯೆನ್ ಅವರನ್ನು ಪರೀಕ್ಷಿಸಿದಾಗ ರಕ್ತದೊತ್ತಡ 186/108 ಇತ್ತು. ಹೃದಯ ಆಗಲೇ ದಣಿದಿತ್ತು. ವಿಶ್ರಾಂತಿ, ಉಪ್ಪು ಕಡಿಮೆ ಇರುವ ಆಹಾರ, ಹೃದಯಕ್ಕೆ ಡಿಜಿಟಾಲಿಸ್, ಮನಸ್ಸು ಶಾಂತವಾಗಲು ನಿದ್ರೆಯ ಮದ್ದು: ಆ ಕಾಲದಲ್ಲಿ ವೈದ್ಯರ ಬಳಿ ಇದ್ದದ್ದು ಇಷ್ಟೇ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ಅವರಿಗೆ ಇದ್ದಕ್ಕಿದ್ದಂತೆ ತೀವ್ರ ತಲೆನೋವು ಬಂದಿತು. ಆಗ ಅಳೆದ ಮೇಲಿನ ಅಂಕಿ 300ನ್ನು ಮುಟ್ಟಿತ್ತು. ಕೆಲವೇ ಗಂಟೆಗಳಲ್ಲಿ ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು. ವಯಸ್ಸು 63.

ಅವರ ಸುತ್ತ ಆ ದೇಶದ ಸಮರ್ಥ ವೈದ್ಯರಿದ್ದರು. ಇಲ್ಲದಿದ್ದದ್ದು ಎರಡು: ಒತ್ತಡವನ್ನು ಇಳಿಸುವ ನಂಬಿಕಸ್ಥ ಮದ್ದು, ಮತ್ತು ಇಳಿಸಲೇಬೇಕು ಎಂಬ ಖಚಿತವಾದ ಅರಿವು. ವಯಸ್ಸಾದಂತೆ ಗಟ್ಟಿಯಾದ ರಕ್ತನಾಳಗಳ ಮೂಲಕ ರಕ್ತ ಹರಿಯಲು ಹೆಚ್ಚಿನ ಒತ್ತಡ ಬೇಕೇ ಬೇಕು, ಅದನ್ನು ಇಳಿಸಿದರೆ ಕೇಡಾದೀತು ಎಂದು ನಂಬಿದ್ದ ವೈದ್ಯರು ಆಗ ಅನೇಕರಿದ್ದರು.

ಈ ನಂಬಿಕೆಯನ್ನು ಮೊದಲು ಅಲುಗಿಸಿದ್ದು ಬಾಸ್ಟನ್ ಬಳಿಯ ಫ್ರಾಮಿಂಗ್‌ಹ್ಯಾಮ್ ಎಂಬ ಪಟ್ಟಣ. 1948ರಲ್ಲಿ ಶುರುವಾದ ಅಧ್ಯಯನದಲ್ಲಿ ಅಲ್ಲಿಯ 5,209 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಲಾಯಿತು. ರಕ್ತದೊತ್ತಡ ಹೆಚ್ಚಿದ್ದವರಿಗೆ ಮುಂದೆ ಹೃದಯಾಘಾತ, ಪಾರ್ಶ್ವವಾಯು ಬರುವ ಸಂಭವ ಹೆಚ್ಚು ಎಂಬುದು ಸ್ಪಷ್ಟವಾಯಿತು. ಅಳೆದ ದಿನ ಅವರಿಗೆ ಯಾವ ನೋವೂ ಇಲ್ಲದಿದ್ದರೂ ಈ ಮಾತು ನಿಜವಾಗಿತ್ತು.

ಆದರೆ ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಒತ್ತಡ ಹೆಚ್ಚಿದ್ದವರಿಗೆ ಅಪಾಯ ಹೆಚ್ಚು, ಸರಿ. ಅಷ್ಟರಿಂದಲೇ ಮಾತ್ರೆ ಕೊಟ್ಟು ಒತ್ತಡ ಇಳಿಸಿದರೆ ಅಪಾಯವೂ ಇಳಿಯುತ್ತದೆ ಎಂದು ಹೇಳಬಹುದೇ? ಹೇಳಲಾಗದು. ಅದಕ್ಕೆ ಬೇರೆಯದೇ ಪ್ರಯೋಗ ಬೇಕು.

ಸರ್ಪಗಂಧದಿಂದ ಸಾಕ್ಷ್ಯದವರೆಗೆ

ಆ ಪ್ರಯೋಗದ ಕಥೆಯಲ್ಲಿ ನಮ್ಮ ದೇಶದ ಒಂದು ಗಿಡಕ್ಕೂ ಪಾತ್ರವಿದೆ. ಸರ್ಪಗಂಧದ ಬೇರು ನಮ್ಮಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿತ್ತು. ಅದು ರಕ್ತದೊತ್ತಡವನ್ನು ಇಳಿಸುತ್ತದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ವರದಿ ಮಾಡಿದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರು 50 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಕಣ್ಣು ಈ ಬೇರಿನ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. 1958ರಲ್ಲಿ ಮೂತ್ರದ ಮೂಲಕ ಉಪ್ಪು ಮತ್ತು ನೀರನ್ನು ಹೊರಹಾಕಿಸುವ ಕ್ಲೋರೊಥಯಜೈಡ್ ಮಾತ್ರೆ ಮಾರುಕಟ್ಟೆಗೆ ಬಂದಿತು. ಕೊನೆಗೂ ಮದ್ದು ಸಿಕ್ಕಿತು.

ಅಮೆರಿಕದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಗಳ ವೈದ್ಯ ಎಡ್ವರ್ಡ್ ಫ್ರೈಸ್ ಮತ್ತು ಅವರ ಸಹೋದ್ಯೋಗಿಗಳು ಮುಂದಿನ ಹೆಜ್ಜೆ ಇಟ್ಟರು. ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದ 143 ಪುರುಷರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 73 ಮಂದಿಗೆ ರಿಸರ್ಪಿನ್ ಸೇರಿ ಮೂರು ಔಷಧಿಗಳ ಮಾತ್ರೆ. ಉಳಿದ 70 ಮಂದಿಗೆ ನೋಡಲು ಹಾಗೆಯೇ ಇರುವ, ಔಷಧಿಯಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ನೋಡಿಕೊಳ್ಳುವ ವೈದ್ಯರಿಗೂ ತಿಳಿಯದು. 1967ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಸಿಮಾತ್ರೆಯ ಗುಂಪಿನಲ್ಲಿ 27 ಮಂದಿಗೆ ಗಂಭೀರ ತೊಂದರೆ. ಔಷಧಿಯ ಗುಂಪಿನಲ್ಲಿ ಕೇವಲ ಇಬ್ಬರಿಗೆ. ನಾಲ್ವರು ಸತ್ತಿದ್ದರು, ನಾಲ್ವರೂ ಹುಸಿಮಾತ್ರೆಯ ಗುಂಪಿನವರೇ.

ಈ ಅಂಕಿಗಳ ಮುಂದೆ ಹಳೆಯ ನಂಬಿಕೆ ನಿಲ್ಲಲಿಲ್ಲ. ಆದರೆ ಒಂದು ಆಸ್ಪತ್ರೆಯಲ್ಲಿ ತಿಳಿದದ್ದು ಊರೂರಿನ ವೈದ್ಯರಿಗೆ ಮುಟ್ಟುವುದು ಹೇಗೆ? ನೂರಾರು ಪತ್ರಿಕೆಗಳನ್ನು ಓದಿ ಸಾರ ತೆಗೆಯಲು ಒಬ್ಬೊಬ್ಬ ವೈದ್ಯರಿಗೂ ಪುರುಸೊತ್ತು ಎಲ್ಲಿ? ಈ ಅಗತ್ಯದಿಂದ ಹುಟ್ಟಿದ್ದೇ ಮಾರ್ಗಸೂಚಿ. ಅಮೆರಿಕದ ಜಂಟಿ ರಾಷ್ಟ್ರೀಯ ಸಮಿತಿ ರಕ್ತದೊತ್ತಡದ ಬಗ್ಗೆ ತನ್ನ ಮೊದಲ ವರದಿಯನ್ನು ಪ್ರಕಟಿಸಿದ್ದು 1977ರಲ್ಲಿ.

ಮಾರ್ಗಸೂಚಿ ಎಂದರೇನು?

ಅದು ಸರ್ಕಾರದ ಕಾನೂನಲ್ಲ, ಅಡುಗೆ ಪುಸ್ತಕವೂ ಅಲ್ಲ. ಒಂದು ತಜ್ಞರ ಸಮಿತಿ ಕುಳಿತು, ಒಂದು ಪ್ರಶ್ನೆಗೆ ಸಂಬಂಧಪಟ್ಟ ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ, ತೂಗಿ ನೋಡಿ ಬರೆಯುವ ಸಲಹೆ ಅದು. ಸಾಕ್ಷ್ಯಗಳಲ್ಲಿ ಎಲ್ಲಕ್ಕೂ ಒಂದೇ ತೂಕವಿಲ್ಲ. ಫ್ರೈಸ್ ಮಾಡಿದಂತಹ ಚೀಟಿ ಎತ್ತಿದ ಪ್ರಯೋಗಕ್ಕೆ ಹೆಚ್ಚು ತೂಕ. ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನಕ್ಕೆ ಅದಕ್ಕಿಂತ ಕಡಿಮೆ. ತಜ್ಞರ ಬರಿಯ ಅಭಿಪ್ರಾಯಕ್ಕೆ ಎಲ್ಲಕ್ಕಿಂತ ಕಡಿಮೆ. ಒಳ್ಳೆಯ ಮಾರ್ಗಸೂಚಿಯಲ್ಲಿ ಪ್ರತಿಯೊಂದು ಸಲಹೆಯ ಪಕ್ಕದಲ್ಲಿ ಅದರ ಆಧಾರ ಎಷ್ಟು ಗಟ್ಟಿ ಎಂಬುದನ್ನೂ ಬರೆದಿರುತ್ತಾರೆ.

ಹೊಸ ಸಾಕ್ಷ್ಯ ಬಂದರೆ ಸಲಹೆಯೂ ಬದಲಾಗುತ್ತದೆ. ಅಟೆನಲಾಲ್ ಮಾತ್ರೆ ಒಂದು ಕಾಲದಲ್ಲಿ ಎಲ್ಲೆಲ್ಲೂ ಮೊದಲ ಆಯ್ಕೆ. ಬೇರೆ ಮಾತ್ರೆಗಳಷ್ಟು ಅದು ಪಾರ್ಶ್ವವಾಯುವನ್ನು ತಡೆಯುವುದಿಲ್ಲ ಎಂದು ದೊಡ್ಡ ಪ್ರಯೋಗಗಳು ತೋರಿಸಿದ ಮೇಲೆ, 2006ರಲ್ಲಿ ಬ್ರಿಟನ್ನಿನ ಮಾರ್ಗಸೂಚಿ ಆ ಗುಂಪನ್ನೇ ಮೊದಲ ಸಾಲಿನಿಂದ ತೆಗೆದುಹಾಕಿತು. ಇನ್ನೊಂದು ಉದಾಹರಣೆ: 33,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಆಲ್‌ಹ್ಯಾಟ್ ಎಂಬ ಪ್ರಯೋಗ. ಹಳೆಯದಾದ, ಅಗ್ಗದ ಕ್ಲೋರ್‌ಥಾಲಿಡೋನ್ ಮಾತ್ರೆ ಹೃದಯಾಘಾತ ತಡೆಯುವುದರಲ್ಲಿ ದುಬಾರಿಯ ಹೊಸ ಮಾತ್ರೆಗಳಿಗೆ ಏನೂ ಕಡಿಮೆಯಿಲ್ಲ ಎಂದು ಅದು ತೋರಿಸಿತು. ಹೊಸದೆಲ್ಲ ಮೇಲು ಎಂಬ ಭ್ರಮೆಯನ್ನು ಇಂತಹ ಸಾಕ್ಷ್ಯವೇ ಬಿಡಿಸಬೇಕು.

ಗೆರೆ ಎಲ್ಲಿ?

"ಒಬ್ಬ ಡಾಕ್ಟರು 140 ಎನ್ನುತ್ತಾರೆ, ಇನ್ನೊಬ್ಬರು 130 ಎನ್ನುತ್ತಾರೆ, ಯಾರನ್ನು ನಂಬಬೇಕು?" ಎಂದು ಕೇಳುವವರಿದ್ದಾರೆ. ನಿಜ ಸಂಗತಿ ಏನೆಂದರೆ, ಪ್ರಕೃತಿ ಯಾವ ಗೆರೆಯನ್ನೂ ಎಳೆದಿಲ್ಲ. ಹತ್ತು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆಯ ಪ್ರಕಾರ, 40ರಿಂದ 69 ವರ್ಷದವರಲ್ಲಿ 115/75ರಿಂದ ಮೇಲಕ್ಕೆ, ಮೇಲಿನ ಅಂಕಿ ಪ್ರತಿ 20 ಏರಿದಾಗಲೂ ಹೃದ್ರೋಗ ಮತ್ತು ಪಾರ್ಶ್ವವಾಯುವಿನಿಂದ ಸಾಯುವ ಸಂಭವ ಎರಡು ಪಟ್ಟಿನಷ್ಟಾಗುತ್ತದೆ. ಅಂದರೆ ಇದು ಮೆಟ್ಟಿಲಲ್ಲ, ಇಳಿಜಾರು. ಆ ಇಳಿಜಾರಿನಲ್ಲಿ ಎಲ್ಲಿಂದ ಮಾತ್ರೆಯ ಲಾಭ ಅದರ ತೊಂದರೆಗಿಂತ ಹೆಚ್ಚಾಗುತ್ತದೆಯೋ ಅಲ್ಲಿ ಮನುಷ್ಯರು ಗೆರೆ ಎಳೆಯುತ್ತಾರೆ.

2015ರಲ್ಲಿ ಪ್ರಕಟವಾದ ಸ್ಪ್ರಿಂಟ್ ಎಂಬ ಪ್ರಯೋಗದಲ್ಲಿ, ಹೃದ್ರೋಗದ ಅಪಾಯ ಹೆಚ್ಚಿದ್ದ ಆದರೆ ಮಧುಮೇಹವಿಲ್ಲದ 9,361 ಮಂದಿ ಇದ್ದರು. ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗೆ ತರುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಹೃದಯ ಮತ್ತು ರಕ್ತನಾಳದ ಆಘಾತಗಳು ಸುಮಾರು ಕಾಲು ಭಾಗ ಕಡಿಮೆಯಾದವು. ಆದರೆ ಅದೇ ಗುಂಪಿನಲ್ಲಿ ತಲೆಸುತ್ತಿ ಬೀಳುವುದು, ಮೂತ್ರಪಿಂಡಕ್ಕೆ ಪೆಟ್ಟಾಗುವುದು ಹೆಚ್ಚಾಯಿತು. ಇದನ್ನೂ ಇತರ ಸಾಕ್ಷ್ಯಗಳನ್ನೂ ತೂಗಿದ ಅಮೆರಿಕದ ಹೃದ್ರೋಗ ಸಂಘಗಳು 2017ರಲ್ಲಿ ಗೆರೆಯನ್ನು 130/80ಕ್ಕೆ ಇಳಿಸಿದವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, ಸಾಮಾನ್ಯವಾಗಿ 140/90ರಿಂದ ಮಾತ್ರೆ ಶುರುಮಾಡಬೇಕೆಂದೂ, ಹೃದ್ರೋಗ ಇರುವವರಿಗೆ ಮೇಲಿನ ಅಂಕಿ 130 ಆದಾಗಲೇ ಶುರುಮಾಡಬೇಕೆಂದೂ ಹೇಳಿತು. ಅಮೆರಿಕದ ಗೆರೆಯಲ್ಲಿಯೂ 130 ದಾಟಿದವರೆಲ್ಲರಿಗೂ ಕೂಡಲೇ ಮಾತ್ರೆ ಕೊಡಬೇಕೆಂದಿಲ್ಲ. ಅಪಾಯ ಕಡಿಮೆ ಇರುವವರಿಗೆ ಮೊದಲು ಉಪ್ಪು, ತೂಕ, ನಡಿಗೆಯ ಸಲಹೆ. ಹೀಗೆ ನೋಡಿದರೆ ಇಬ್ಬರು ವೈದ್ಯರ ಮಾತಿನಲ್ಲಿ ಕಾಣುವ ಅಂತರ ಹೊರಗಿನಿಂದ ತೋರುವಷ್ಟು ದೊಡ್ಡದಲ್ಲ.

ವೈದ್ಯರ ಮೇಜಿನ ಮೇಲೆ

ಈಗ ಚೀಟಿಯ ವಿಷಯಕ್ಕೆ ಬರೋಣ. ಮಾರ್ಗಸೂಚಿಯನ್ನು ಪಾಲಿಸುವ ವೈದ್ಯರು ಸಾಮಾನ್ಯವಾಗಿ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳುತ್ತಾರೆ.

ಮೊದಲನೆಯದು, ಅಂಕಿ ನಿಜವೇ? ಮೆಟ್ಟಿಲು ಹತ್ತಿ ಬಂದ ಕೂಡಲೇ ಅಳೆದರೆ ಅಂಕಿ ಏರುತ್ತದೆ. ಕಾಫಿ ಕುಡಿದಿದ್ದರೆ, ಮಾತನಾಡುತ್ತಿದ್ದರೆ, ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರೆ ಆಗುವುದೂ ಅದೇ. ಕೆಲವರಿಗೆ ವೈದ್ಯರ ಬಿಳಿ ಕೋಟು ಕಂಡರೇ ಏರುತ್ತದೆ! ಆದ್ದರಿಂದ ಅಂಕಿ ತೀರಾ ಹೆಚ್ಚಿಲ್ಲದಿದ್ದರೆ ಇನ್ನೊಂದು ದಿನ ಮತ್ತೆ ಅಳೆಯುತ್ತಾರೆ, ಇಲ್ಲವೇ ಮನೆಯಲ್ಲಿ ಅಳೆದು ಬರೆದುಕೊಂಡು ಬರಲು ಹೇಳುತ್ತಾರೆ.

ಎರಡನೆಯದು, ಒತ್ತಡ ಬಿಟ್ಟು ಬೇರೇನಿದೆ? ಮಧುಮೇಹ, ಧೂಮಪಾನ, ಮೂತ್ರಪಿಂಡದ ಕಾಯಿಲೆ, ಹಿಂದೆ ಆದ ಹೃದಯಾಘಾತ ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಮೂರನೆಯದು, ಯಾವ ಮಾತ್ರೆ? ಇಲ್ಲಿ ನಮ್ಮ ಮೂವರನ್ನು ನೆನಪಿಸಿಕೊಳ್ಳಿ. ಬೇರೆ ಕಾಯಿಲೆಯಿಲ್ಲದ ತಾತನಿಗೆ ರಕ್ತನಾಳದ ಸ್ನಾಯುವನ್ನು ಸಡಿಲಿಸುವ ಆಮ್ಲೋಡಿಪಿನ್. ಮಧುಮೇಹಿಯ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿದ್ದರೆ ಮೂತ್ರಪಿಂಡವನ್ನೂ ಕಾಪಾಡುವ ಟೆಲ್ಮಿಸಾರ್ಟಾನ್ ಅಥವಾ ಎನಲಾಪ್ರಿಲ್. ಆದರೆ ಇವೇ ಮಾತ್ರೆಗಳು ಗರ್ಭದಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ಹಾನಿಮಾಡಬಲ್ಲವು. ಆದ್ದರಿಂದ ಗರ್ಭಿಣಿಗೆ ಅವು ನಿಷಿದ್ಧ. ಆಕೆಗೆ ಲ್ಯಾಬೆಟಲಾಲ್, ಮಿಥೈಲ್‌ಡೋಪಾ ಇಂತಹವು. ಚೀಟಿಗಳು ಮೂರಾದರೂ ಅವುಗಳ ಹಿಂದಿದ್ದ ಮಾರ್ಗಸೂಚಿ ಒಂದೇ ಎಂಬುದು ಈಗ ನಿಮಗೆ ಹೊಳೆದಿರಬೇಕು. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆಯನ್ನು ಕೇಳಿ ಪಡೆಯಬಾರದು ಎನ್ನುವುದೂ ಇದೇ ಕಾರಣಕ್ಕೆ.

ನಾಲ್ಕನೆಯದು, ಗುರಿ ಮುಟ್ಟಿತೇ? ಇದು ಮೊದಲ ದಿನದ ಪ್ರಶ್ನೆಯಲ್ಲ, ತಿಂಗಳ ನಂತರದ ಪ್ರಶ್ನೆ. ಬಹಳ ಮಂದಿಗೆ ಒಂದೇ ಮಾತ್ರೆ ಸಾಲುವುದಿಲ್ಲ.

ನಮ್ಮ ದೇಶದ ಮೆಟ್ಟಿಲುಗಳು

ದೊಡ್ಡ ದೇಶಕ್ಕೆ ನೂರಾರು ಪುಟಗಳ ಮಾರ್ಗಸೂಚಿಗಿಂತ ಒಂದು ಪುಟದ ಕ್ರಮ ಹೆಚ್ಚು ಉಪಯೋಗಕ್ಕೆ ಬರುತ್ತದೆ. 2017ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ರಾಜ್ಯ ಸರ್ಕಾರಗಳು ಸೇರಿ ಭಾರತೀಯ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವನ್ನು ಆರಂಭಿಸಿದವು. ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳಲ್ಲಿ ಶುರುವಾದ ಈ ಕೆಲಸ ಮುಂದೆ ಬೇರೆ ರಾಜ್ಯಗಳಿಗೂ ಹಬ್ಬಿತು. 2022ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿ ಬಂದಿತು.

ಅದರ ಕ್ರಮ ಸರಳ. ಹೆಚ್ಚಿನ ಕಡೆಗಳಲ್ಲಿ 5 ಮಿಲಿಗ್ರಾಂ ಆಮ್ಲೋಡಿಪಿನ್‌ನಿಂದ ಆರಂಭ. ತಿಂಗಳ ನಂತರ ಮತ್ತೆ ಅಳೆಯುವುದು. 140/90ಕ್ಕಿಂತ ಕೆಳಗೆ ಬಂದಿರದಿದ್ದರೆ ಪ್ರಮಾಣ ಹೆಚ್ಚಿಸುವುದು ಅಥವಾ ಟೆಲ್ಮಿಸಾರ್ಟಾನ್ ಸೇರಿಸುವುದು. ಆಗಲೂ ಇಳಿಯದಿದ್ದರೆ ಕ್ಲೋರ್‌ಥಾಲಿಡೋನ್. ಮೆಟ್ಟಿಲುಗಳ ಅನುಕ್ರಮ ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬೇರೆ. ಕೆಲವೇ ಔಷಧಿಗಳಾದ್ದರಿಂದ ಸಗಟಾಗಿ ಅಗ್ಗಕ್ಕೆ ಕೊಳ್ಳಬಹುದು, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ದಾಸ್ತಾನು ಇಡಬಹುದು, ವೈದ್ಯರು ಬದಲಾದರೂ ಚಿಕಿತ್ಸೆ ಕಡಿಯುವುದಿಲ್ಲ.

ಮಾರ್ಗ ಬಿಟ್ಟು ನಡೆಯುವುದು

ಮಾರ್ಗಸೂಚಿ ಹೇಳುವುದು ಸಾವಿರಾರು ಜನರ ಸರಾಸರಿಯನ್ನು. ವೈದ್ಯರ ಮುಂದೆ ಕುಳಿತಿರುವವರು ಒಬ್ಬರೇ. ಆಮ್ಲೋಡಿಪಿನ್‌ನಿಂದ ಕಾಲು ಊದಬಹುದು, ಎನಲಾಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಅಟೆನಲಾಲ್‌ನಂತಹ ಮಾತ್ರೆ ಉಬ್ಬಸದವರಿಗೆ ಹೊಂದುವುದಿಲ್ಲ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು ಗೌಟ್ ಎಂಬ ಕೀಲುನೋವನ್ನು ಕೆರಳಿಸುತ್ತವೆ. 85 ವರ್ಷದ ಅಜ್ಜಿ ಎದ್ದು ನಿಂತರೆ ತಲೆಸುತ್ತಿ ಬೀಳುವಂತಿದ್ದರೆ ವೈದ್ಯರು ಗುರಿಯನ್ನೇ ಸಡಿಲಿಸುತ್ತಾರೆ. ಕಾರಣ ತಿಳಿದು, ರೋಗಿಗೆ ಹೇಳಿ, ಚೀಟಿಯಲ್ಲಿ ಬರೆದು ಮಾರ್ಗಸೂಚಿಯಿಂದ ಸರಿಯುವುದು ವೈದ್ಯರ ಜಾಣ್ಮೆ. ಇದಕ್ಕೆ ಮಾರ್ಗಸೂಚಿಯೇ ಅವಕಾಶ ಕೊಟ್ಟಿದೆ.

ಆದರೆ ಕಾರಣವಿಲ್ಲದೆ ಸರಿಯುವುದೂ ಉಂಟು. ತಿಂಗಳ ನಂತರವೂ ಒತ್ತಡ 156 ಇದೆ. "ಸ್ವಲ್ಪವೇ ಹೆಚ್ಚಿದೆ, ಮುಂದಿನ ಸಲ ನೋಡೋಣ" ಎಂದು ಅದೇ ಮಾತ್ರೆಯನ್ನು ಮುಂದುವರಿಸಲಾಗುತ್ತದೆ. ಮುಂದಿನ ಸಲವೂ ಅದೇ ಮಾತು. ವೈದ್ಯಕೀಯದಲ್ಲಿ ಇದಕ್ಕೆ ಚಿಕಿತ್ಸೆಯ ಜಡತ್ವ ಎಂದೇ ಹೆಸರು. ಭೌತಶಾಸ್ತ್ರದಲ್ಲಿ ನೀವು ಓದಿದ ಜಡತ್ವದಂತೆಯೇ ಹೊರಗಿನಿಂದ ಒಂದು ಬಲ ಬೀಳುವವರೆಗೆ ಚೀಟಿ ಇದ್ದಂತೆಯೇ ಇರುತ್ತದೆ.

ಇನ್ನೊಂದು ತಪ್ಪು ಮನೆಯಲ್ಲಿ ಆಗುತ್ತದೆ. ಅಂಕಿ 128ಕ್ಕೆ ಇಳಿಯಿತು, "ಬಿ.ಪಿ. ವಾಸಿಯಾಯಿತು" ಎಂದು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಕೊಡೆ ಹಿಡಿದಿದ್ದರಿಂದ ನೆನೆಯಲಿಲ್ಲ. ನೆನೆಯಲಿಲ್ಲವೆಂದು ಸುರಿಯುವ ಮಳೆಯಲ್ಲಿ ಕೊಡೆ ಮಡಚಬಹುದೇ? ಅಟೆನಲಾಲ್‌ನಂತಹ ಮಾತ್ರೆಗಳನ್ನಂತೂ ಹೃದ್ರೋಗಿಗಳು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯವಾಗಬಹುದು.

ನಿಮ್ಮ ಪಾಲು

ಓದುಬರಹ ಬಲ್ಲ ನೀವು ಮನೆಯಲ್ಲಿ ಆ ಹೊರಗಿನ ಬಲ ಆಗಬಹುದು. ಅಜ್ಜಿಗೆ ಒತ್ತಡ ಅಳೆಯುವ ಮೊದಲು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿಸಿ ಕೂರಿಸಿ. ಅರ್ಧ ಗಂಟೆ ಮೊದಲು ಕಾಫಿ ಬೇಡ. ತೋಳು ಹೃದಯದ ಮಟ್ಟದಲ್ಲಿರಲಿ, ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಬೇಡಿ. ಎರಡು ಸಲ ಅಳೆದು ತಾರೀಖಿನ ಸಮೇತ ಬರೆದಿಡಿ. ಹಳೆಯ ಚೀಟಿಗಳನ್ನು ಒಂದೇ ಚೀಲದಲ್ಲಿ ಜೋಡಿಸಿಡಿ. ಅಡುಗೆಮನೆಯಲ್ಲಿ ಉಪ್ಪಿನ ಲೆಕ್ಕ ನೋಡಿ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚೆಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳಗಳಲ್ಲಿರುವುದೂ ಇದರಲ್ಲೇ ಸೇರಿತು.

ಅಜ್ಜಿಯ ಜೊತೆ ಆಸ್ಪತ್ರೆಗೆ ಹೋದಾಗ ವಿನಯದಿಂದಲೇ ಮೂರು ಮಾತು ಕೇಳಿ: "ಡಾಕ್ಟರೇ, ಇವರಿಗೆ ಎಷ್ಟಕ್ಕೆ ಇಳಿಯಬೇಕು? ಈ ಮಾತ್ರೆಯನ್ನೇ ಆರಿಸಿದ್ದು ಏಕೆ? ಮತ್ತೆ ಯಾವಾಗ ಬರಬೇಕು?" ಮಾರ್ಗಸೂಚಿಯನ್ನು ಅರಿತ ವೈದ್ಯರಿಗೆ ಈ ಪ್ರಶ್ನೆಗಳಿಂದ ಬೇಸರವಾಗದು. ಏಕೆಂದರೆ ಚೀಟಿ ಬರೆಯುವ ಮುಂಚೆ ಅವರೂ ತಮ್ಮನ್ನು ತಾವು ಕೇಳಿಕೊಂಡದ್ದು ಇವನ್ನೇ.

1945ರಲ್ಲಿ ಒಂದು ದೇಶದ ಅಧ್ಯಕ್ಷರಿಗೆ ಸಿಗದಿದ್ದ ಚಿಕಿತ್ಸೆ ಇಂದು ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ಅದು ತಿಂಗಳು ತಿಂಗಳೂ ತಪ್ಪದೆ ಅಜ್ಜಿಯನ್ನು ತಲುಪುವಂತೆ ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮೆಲ್ಲರದು.